ವೈದ್ಯರ ಪ್ರಶ್ನೆಯೂ ಗ್ರಂಥಪಾಲಕನ ಉತ್ತರವೂ

ಕಳೆದ ತಿಂಗಳು ಒಂದು ಬೆಳಿಗ್ಗೆ, ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತರುಣಿಯೊಬ್ಬಳು ನಮ್ಮ ಮನೆಗೆ ಬಂದಳು. ಗ್ರಂಥಾಲಯ ವಿಜ್ಞಾನದಲ್ಲಿ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದವಳು. ಆದರೆ ವೈದ್ಯಶಾಸ್ತ್ರದ ಗಂಧವೂ ಸೋಕದವಳು. ಕಾಫಿಯ ಲೋಟವನ್ನು ಕೆಳಗಿಟ್ಟು, ತುಸು ಸಂಕೋಚದಿಂದಲೇ, "ಸಾರ್, ಡಾಕ್ಟರುಗಳು ಬಂದು ಏನೇನೋ ಕೇಳುತ್ತಾರೆ. ಅರ್ಧಕ್ಕರ್ಧ ನನಗೆ ಅರ್ಥವೇ ಆಗುವುದಿಲ್ಲ. ಮೇಜಿನ ಮೇಲೆ ಇರಲೇಬೇಕಾದ ಪುಸ್ತಕಗಳದೊಂದು ಪಟ್ಟಿ ಬರೆದುಕೊಡುತ್ತೀರಾ?" ಎಂದಳು.

ಮೂವತ್ತಾರು ವರ್ಷ ಅಂಥದೇ ಮೇಜಿನ ಹಿಂದೆ ಕುಳಿತು ಎದ್ದುಬಂದವನು ನಾನು. ಪಟ್ಟಿ ಬರೆಯುವುದೇನು ಮಹಾ ಕೆಲಸ ಎಂದುಕೊಂಡು ಕಾಗದ ಲೇಖನಿ ತೆಗೆದುಕೊಂಡು ಕುಳಿತೆ. ಏಳೆಂಟು ಹೆಸರುಗಳು ಸಲೀಸಾಗಿ ಬಂದವು. ಆಮೇಲೆ ಕೈ ನಿಂತಿತು. ಈ ಪಟ್ಟಿಯೊಂದನ್ನೇ ನಂಬಿಕೊಂಡು ಅವಳು ಮೇಜಿನ ಹಿಂದೆ ಕುಳಿತರೆ, ನಾನು ಒಮ್ಮೆ ಮಾಡಿದ ತಪ್ಪನ್ನೇ ಅವಳೂ ಮಾಡಿಯಾಳು ಎನಿಸಿತು. ಆದುದರಿಂದ ಪಟ್ಟಿಗಿಂತ ಮೊದಲು ಆ ತಪ್ಪಿನ ಕಥೆಯನ್ನೇ ಹೇಳಿದೆ. ವಾಚಕರಿಗೂ ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಸೇವೆಗೆ ಸೇರಿದ ಮರುವರ್ಷ, 1984ರ ಮಳೆಗಾಲ. ಮಧ್ಯಾಹ್ನದ ಊಟದ ಹೊತ್ತು, ಗ್ರಂಥಾಲಯದಲ್ಲಿ ನಾನೊಬ್ಬನೇ. ದೂರದ ತಾಲ್ಲೂಕು ಆಸ್ಪತ್ರೆಯೊಂದರಿಂದ ವೈದ್ಯರೊಬ್ಬರು ಟೆಲಿಫೋನ್ ಮಾಡಿ ಒಂದು ಔಷಧದ ಹೆಸರು ಹೇಳಿ, ಅದರ ಪ್ರಮಾಣವೆಷ್ಟೆಂದು ಪುಸ್ತಕ ನೋಡಿ ತಿಳಿಸಬೇಕೆಂದರು. ತಂತಿಯಲ್ಲಿ ಮಳೆಯ ಸದ್ದೇ ಹೆಚ್ಚು, ಮಾತು ಕಡಿಮೆ. ನನಗೆ ಕೇಳಿಸಿದ್ದು ಕ್ಲೋರ್‌ಪ್ರೋಪಮೈಡ್. ಪುಸ್ತಕ ತೆರೆದು, ಪುಟ ಹುಡುಕಿ, ಗಂಭೀರವಾಗಿ ಓದತೊಡಗಿದೆ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಆ ಕಡೆಯಿಂದ, "ಏನ್ರೀ ಇದು, ಸಕ್ಕರೆ ಕಾಯಿಲೆಯ ಮಾತು ಬರುತ್ತಿದೆಯಲ್ಲ! ನಾನು ಕೇಳಿದ್ದು ಮನೋರೋಗಿಗೆ ಕೊಡುವ ಔಷಧ" ಎಂಬ ಧ್ವನಿ ಬಂತು. ಅವರು ಕೇಳಿದ್ದು ಕ್ಲೋರ್‌ಪ್ರೋಮಜೀನ್. ಎರಡಕ್ಕೂ ಹೆಸರಿನಲ್ಲಿ ಇರುವ ವ್ಯತ್ಯಾಸ ಒಂದೆರಡು ಅಕ್ಷರ. ಗುಣದಲ್ಲಿ ಇರುವುದು ಆಕಾಶ ಭೂಮಿಯ ಅಂತರ. ಒಂದು ಕೆರಳಿದ ಮನಸ್ಸನ್ನು ಶಾಂತಗೊಳಿಸುವಂಥದು. ಮತ್ತೊಂದು ರಕ್ತದ ಸಕ್ಕರೆಯನ್ನು ಬಹುಹೊತ್ತಿನವರೆಗೆ ಇಳಿಸುವಂಥದು. ಸಕ್ಕರೆ ಕಾಯಿಲೆಯಿಲ್ಲದ ರೋಗಿಗೆ ಅದನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ.

ವೈದ್ಯರು ಎಚ್ಚರದಿಂದಿದ್ದರು, ಅನಾಹುತವಾಗಲಿಲ್ಲ. ಆದರೆ ಆ ದಿನ ನನ್ನ ಕೈ ನಡುಗಿದ್ದು ಈಗಲೂ ನೆನಪಿದೆ. ಇತಿಹಾಸದ ವಿದ್ಯಾರ್ಥಿಗೆ ರಾಜನೊಬ್ಬನ ಪಟ್ಟಾಭಿಷೇಕದ ಇಸವಿಯನ್ನು ತಪ್ಪಾಗಿ ಹೇಳಿದರೆ ಅವನಿಗೆ ಒಂದು ಅಂಕ ಹೋದೀತು. ವೈದ್ಯಕೀಯ ಗ್ರಂಥಾಲಯದಲ್ಲಿ ಹೇಳಿದ ತಪ್ಪು ಮೇಜಿನ ಬಳಿ ನಿಲ್ಲುವುದಿಲ್ಲ. ಅದು ವಾರ್ಡಿಗೆ ನಡೆದುಹೋಗಿ ಯಾವನೋ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುತ್ತದೆ.

ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಪ್ರಶ್ನೆಯನ್ನು ಮೊದಲು ಬರೆದುಕೊಳ್ಳುವುದು. ಬರೆದದ್ದನ್ನು ಕೇಳಿದವರಿಗೇ ಓದಿ ಹೇಳುವುದು. ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳುವುದು. ಇಷ್ಟಾದ ಮೇಲೆ ಕೈಗೆ ಬರಬೇಕಾದ ಮೊದಲ ಪುಸ್ತಕ ನಿಘಂಟು. 1900ರಲ್ಲಿ ಅಮೆರಿಕದಲ್ಲಿ ಮೊದಲು ಅಚ್ಚಾದ ಡಾರ್ಲಂಡ್ ಅವರ ಸಚಿತ್ರ ವೈದ್ಯಕೀಯ ನಿಘಂಟು ಇಂದಿಗೂ ಹೊಸ ಹೊಸ ಆವೃತ್ತಿಗಳಲ್ಲಿ ಬಾಳುತ್ತಿದೆ. ವೈದ್ಯರ ಮಾತು ಬಹುಮಟ್ಟಿಗೆ ಗ್ರೀಕ್ ಮತ್ತು ಲ್ಯಾಟಿನ್ ಬೇರುಗಳಿಂದ ಚಿಗುರಿದ್ದು. 'ಹೈಪರ್' ಎಂದರೆ ಮೀರಿದ್ದು, 'ಹೈಪೋ' ಎಂದರೆ ಕುಗ್ಗಿದ್ದು. ಕಿವಿಗೆ ಎರಡೂ ಒಂದೇ. 'ಇಲಿಯಮ್' ಎಂದಾಗ ಅದು ಸಣ್ಣ ಕರುಳಿನ ಕೊನೆಯ ಭಾಗವೋ ಸೊಂಟದ ಎಲುಬೋ ಎಂಬುದು ನಡುವಿನ ಒಂದೇ ಒಂದು ಇಂಗ್ಲಿಷ್ ಅಕ್ಷರದ ಮೇಲೆ ನಿಂತಿದೆ. ನಿಘಂಟು ತಿಳಿಯದ ಗ್ರಂಥಪಾಲಕನು ವೈದ್ಯನ ಪ್ರಶ್ನೆಯನ್ನು ಕೇಳಿಸಿಕೊಳ್ಳಲೂ ಅರ್ಹನಲ್ಲ. ಆದರೆ ನಿಘಂಟು ಪದದ ಅರ್ಥವನ್ನು ಹೇಳೀತೇ ಹೊರತು, ಆ ರೋಗಕ್ಕೆ ಏನು ಮಾಡಬೇಕೆಂದು ಹೇಳದು. ಅದರ ಎಲ್ಲೆ ಅಲ್ಲಿಗೆ ಮುಗಿಯಿತು.

'ಎಲ್ಲೆ' ಎಂಬ ಈ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಪರಾಮರ್ಶನ ಗ್ರಂಥಗಳಲ್ಲಿ ಏನಿದೆ ಎಂಬುದನ್ನು ಗ್ರಂಥಪಾಲಕರಾದ ನಮಗೆ ಎಲ್ಲರೂ ಕಲಿಸುತ್ತಾರೆ. ಏನಿಲ್ಲ ಎಂಬುದನ್ನು ನಾವೇ ಕಲಿಯಬೇಕಾಗಿದೆ.

ಔಷಧದ ಪುಸ್ತಕಗಳನ್ನೇ ನೋಡಿ. ನಮ್ಮ ದೇಶದ 'ಇಂಡಿಯನ್ ಫಾರ್ಮಕೋಪಿಯ'ದ ಮೊದಲ ಆವೃತ್ತಿ ಹೊರಬಂದದ್ದು 1955ರಲ್ಲಿ. ಹೊಸಬರು ಅದರ ಗಾತ್ರವನ್ನೂ ಸರ್ಕಾರದ ಮುದ್ರೆಯನ್ನೂ ಕಂಡು, ಔಷಧದ ಬಗೆಗೆ ಕೇಳಿದವರಿಗೆಲ್ಲ ಅದನ್ನೇ ತೆಗೆದುಕೊಡುತ್ತಾರೆ. ಆದರೆ ಅದು ಔಷಧದ ಶುದ್ಧತೆಯ ಸಂಹಿತೆ. ಗುಳಿಗೆಯಲ್ಲಿ ಇರಬೇಕಾದದ್ದು ಇರಬೇಕಾದಷ್ಟು ಇದೆಯೇ, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದು ಅದರ ವಿಷಯ. ರೋಗಿಗೆ ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂದು ತಿಳಿಯಲು 'ನ್ಯಾಷನಲ್ ಫಾರ್ಮುಲರಿ'ಯನ್ನು ತೆರೆಯಬೇಕು. ಇದು ಮೊದಲು ಬಂದದ್ದು 1960ರಲ್ಲಿ. ಇದರ ಮೂರನೆಯ ಆವೃತ್ತಿ 1979ರಲ್ಲಿ ಹೊರಬಂದಿತು. ನಾಲ್ಕನೆಯದು ಬರಲು 2011ರವರೆಗೆ ಕಾಯಬೇಕಾಯಿತು. ನಡುವಣ ಮೂವತ್ತೆರಡು ವರ್ಷಗಳಲ್ಲಿ ಎಷ್ಟು ಔಷಧಗಳು ಹುಟ್ಟಿದವು, ಎಷ್ಟು ತ್ಯಾಜ್ಯವಾದವು! 2005ರಲ್ಲಿ ಆ ಮೂರನೆಯ ಆವೃತ್ತಿಯನ್ನು ನಂಬಿ ಉತ್ತರ ಹೇಳಿದವನು ಪುಸ್ತಕವನ್ನು ಸರಿಯಾಗಿಯೇ ಓದಿ ತಪ್ಪು ಹೇಳಿದಂತಾಗುತ್ತಿತ್ತು.

ಇವೆರಡರಿಂದಲೂ ಹೊರಗುಳಿದ ದೇಶವಿದೇಶದ ಔಷಧಗಳಿಗೆ ಮಾರ್ಟಿಂಡೇಲ್ ಇದೆ. ಲಂಡನ್ನಿನ ಔಷಧ ವ್ಯಾಪಾರಿ ವಿಲಿಯಂ ಮಾರ್ಟಿಂಡೇಲ್ 1883ರಲ್ಲಿ ಇದನ್ನು ಹೊರತಂದಾಗ, ಅಧಿಕೃತ ಸಂಹಿತೆಯ ಹೊರಗಿದ್ದ ಔಷಧಗಳ ವಿವರವನ್ನು ಒದಗಿಸುವ ಒಂದು ಚಿಕ್ಕ ಕೈಪಿಡಿ ಅದು. ಇಂದು ಎರಡು ಕೈಗಳಿಂದಲೂ ಎತ್ತಲು ಪ್ರಯಾಸಪಡಬೇಕಾದ ಗ್ರಂಥ. ಪರದೇಶದಿಂದ ಬಂದ ರೋಗಿ ತನ್ನೂರಿನ ಗುಳಿಗೆಯ ಹೆಸರು ಹೇಳಿದಾಗ, ಅದರೊಳಗಿನ ಮೂಲದ್ರವ್ಯ ಯಾವುದೆಂದು ಪತ್ತೆ ಮಾಡಲು ಇದಕ್ಕಿಂತ ಉತ್ತಮವಾದ ಸಹಾಯ ಕಪಾಟಿನಲ್ಲಿ ಮತ್ತೊಂದಿಲ್ಲ.

ಪಠ್ಯಗ್ರಂಥಗಳ ವಿಷಯ ಬೇರೆ. ಅವು ಒಂದೊಂದೂ ಒಂದೊಂದು ವೇಗದಲ್ಲಿ ಮುಪ್ಪಾಗುತ್ತವೆ. 1858ರಲ್ಲಿ ಹೆನ್ರಿ ಗ್ರೇ ಬರೆದ ಅಂಗರಚನಾ ಗ್ರಂಥಕ್ಕೆ ಚಿತ್ರ ಬರೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಅದೇ ವರ್ಷ ಆತ ಮುಂಬಯಿಗೆ ಬಂದು, ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿ, ಕುಷ್ಠವೇ ಮೊದಲಾದ ನಮ್ಮ ನಾಡಿನ ರೋಗಗಳನ್ನು ಅಭ್ಯಾಸ ಮಾಡಿದ. ಆತ ಬರೆದ ಎಲುಬಿನ ಚಿತ್ರವನ್ನು ಇಂದು ನೋಡಿದರೂ ಮೋಸವಿಲ್ಲ, ಎಲುಬು ಬದಲಾಗಿಲ್ಲ. ಆದರೆ 1950ರಲ್ಲಿ ಮೊದಲು ಪ್ರಕಟವಾದ ಹ್ಯಾರಿಸನ್‌ನ ಆಂತರಿಕ ವೈದ್ಯ ಗ್ರಂಥದ ಹಳೆಯ ಆವೃತ್ತಿಯನ್ನು ತೆರೆದು ಹೃದ್ರೋಗದ ಚಿಕಿತ್ಸೆಯನ್ನು ಓದಿ ಹೇಳುವುದು ಅಪರಾಧ. ಹಳೆಯ ಆವೃತ್ತಿಗಳು ಇತಿಹಾಸಕಾರರ ಕಪಾಟಿಗೆ ಹೋಗಲಿ. ಪರಾಮರ್ಶನದ ಮೇಜಿನಿಂದ ಅವನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಬೇಕು.

ಇರಲಿ. ಪುಸ್ತಕ ಎಷ್ಟೇ ಹೊಸದಾಗಿರಲಿ, ಅಚ್ಚಾಗುವ ಹೊತ್ತಿಗೆ ಒಂದೆರಡು ವರ್ಷ ಹಳೆಯದಾಗಿರುತ್ತದೆ. ಹೊಸ ತಿಳಿವಳಿಕೆ ಮೊದಲು ಕಾಣಿಸಿಕೊಳ್ಳುವುದು ನಿಯತಕಾಲಿಕೆಗಳಲ್ಲಿ. ಸಾವಿರಾರು ನಿಯತಕಾಲಿಕೆಗಳ ಲಕ್ಷಾಂತರ ಲೇಖನಗಳಲ್ಲಿ ನಮಗೆ ಬೇಕಾದ ಒಂದನ್ನು ಹುಡುಕುವುದೆಂತು? ಈ ಸಮಸ್ಯೆಗೆ ಉತ್ತರ ಕಂಡುಕೊಂಡ ಪುಣ್ಯಾತ್ಮ ಜಾನ್ ಷಾ ಬಿಲ್ಲಿಂಗ್ಸ್ ಎಂಬ ಅಮೆರಿಕದ ಸೈನ್ಯದ ಶಸ್ತ್ರವೈದ್ಯ. ಅಲ್ಲಿಯ ಅಂತರ್ಯುದ್ಧ ಮುಗಿದ 1865ರಲ್ಲಿ ಸೈನ್ಯದ ವೈದ್ಯಕೀಯ ಪುಸ್ತಕಗಳ ಸಣ್ಣ ಸಂಗ್ರಹವೊಂದು ಆತನ ವಶಕ್ಕೆ ಬಂತು. ಅದನ್ನು ಜಗತ್ತಿನ ಮಹಾ ಗ್ರಂಥಾಲಯಗಳಲ್ಲೊಂದಾಗಿ ಬೆಳೆಸಿ, 1879ರಲ್ಲಿ ರಾಬರ್ಟ್ ಫ್ಲೆಚರ್ ಜೊತೆಗೂಡಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದ. ಯಾವ ವಿಷಯದ ಮೇಲೆ ಯಾರು, ಯಾವ ಪತ್ರಿಕೆಯಲ್ಲಿ ಬರೆದರು ಎಂಬುದರ ಲೆಕ್ಕ ಅದು. ನಾನು ಸೇವೆಗೆ ಸೇರಿದಾಗ ಅದರ ದಪ್ಪ ಸಂಪುಟಗಳೇ ನಮಗೆ ಗತಿ. ಸಣ್ಣ ಅಕ್ಷರಗಳ ಆ ಪುಟಗಳ ಮೇಲೆ ಬೆರಳಾಡಿಸಿ ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. 2004ರಲ್ಲಿ ಅದರ ಮುದ್ರಣ ನಿಂತಿತು. ಅಷ್ಟರಲ್ಲಿ ಅದೇ ಗ್ರಂಥಾಲಯ, ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವೆಂಬ ಹೆಸರಿನಲ್ಲಿ, 1971ರಲ್ಲಿ ಮೆಡ್‌ಲೈನ್ ಎಂಬ ಯಂತ್ರಸೂಚಿಯನ್ನೂ, 1997ರಲ್ಲಿ ಎಲ್ಲರಿಗೂ ಉಚಿತವಾದ ಪಬ್‌ಮೆಡ್ ಅನ್ನೂ ಲೋಕಕ್ಕೆ ಕೊಟ್ಟಿತ್ತು.

ಈ ಸೂಚಿಯ ಪ್ರಾಣವಿರುವುದು ಅದರ ವಿಷಯ ಶೀರ್ಷಿಕೆಗಳಲ್ಲಿ. ಒಂದೇ ರೋಗವನ್ನು ಹತ್ತು ಮಂದಿ ಹತ್ತು ಹೆಸರಿನಿಂದ ಕರೆದರೂ ಸೂಚಿಕಾರರು ಒಂದೇ ಶೀರ್ಷಿಕೆಯಡಿ ತಂದು ಕೂಡಿಸುತ್ತಾರೆ. 'ಮೆಶ್' ಎಂದು ಹೆಸರಾದ ಈ ಶೀರ್ಷಿಕೆಗಳ ಪಟ್ಟಿ 1960ರಲ್ಲಿ ಹುಟ್ಟಿತು. ಇದರ ಬೆಲೆ ತಿಳಿಯಲು ನಮ್ಮ ಶಿವಮೊಗ್ಗದ ಕಡೆಗೇ ನೋಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲ ಹಳ್ಳಿಯ ಜನ ಜ್ವರದಿಂದ ನರಳಿದರು. ಉಣುಗುಗಳಿಂದ ಹರಡುವ ಆ ರೋಗವನ್ನು ಜನ ಮಂಗನ ಕಾಯಿಲೆ ಎಂದರು; ಸೂಚಿಯಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಹೆಸರಿನಲ್ಲೇ ಪ್ರತ್ಯೇಕ ಶೀರ್ಷಿಕೆ ಇದೆ. ಆ ಬಾಗಿಲು ತಟ್ಟಿದವನಿಗೆ ಈ ರೋಗದ ಸಾಹಿತ್ಯ ಒಂದೇ ಕಡೆ ದೊರೆಯುತ್ತದೆ.

ಅದೇ ಜಿಲ್ಲೆಯ ಸಾಗರ ತಾಲ್ಲೂಕಿನ ಇನ್ನೊಂದು ರೋಗಕ್ಕೆ ಅಷ್ಟು ಅದೃಷ್ಟವಿಲ್ಲ. ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಸವೆಸಿ, ಬಡ ಕೂಲಿಕಾರ ಕುಟುಂಬಗಳನ್ನು ತಲೆಮಾರುಗಳಿಂದ ಕುಗ್ಗಿಸಿದ ಆ ವ್ಯಾಧಿ 1970ರ ದಶಕದ ನಡುವೆ ವೈದ್ಯರ ಗಮನಕ್ಕೆ ಬಂತು. ಊರಿನ ಹೆಸರಿನಿಂದ ನಾವು ಅದನ್ನು ಹಂದಿಗೋಡು ಕಾಯಿಲೆ ಎನ್ನುತ್ತೇವೆ. ಆದರೆ 1977ರಲ್ಲಿ ಪ್ರಕಟವಾದ ಅದರ ಆರಂಭದ ಅಧ್ಯಯನವೊಂದರ ತಲೆಬರಹದಲ್ಲಿ ಹಂದಿಗೋಡು ಎಂಬ ಹೆಸರೇ ಇಲ್ಲ. ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂಬ ಅರ್ಥದ ಇಂಗ್ಲಿಷ್ ಹೆಸರಿದೆ. ಹಂದಿಗೋಡು ಎಂದಷ್ಟೇ ಹುಡುಕಿ, ಮೊದಲ ಅಧ್ಯಯನ ಸಿಗಲಿಲ್ಲವೆಂದು ಕೈಚೆಲ್ಲಿದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನಿಗೆ ನಾನು ಈ ಎರಡನೆಯ ಹೆಸರನ್ನು ಬರೆದುಕೊಟ್ಟಾಗ ಅವನ ಮುಖ ಅರಳಿದ್ದನ್ನು ಕಂಡಿದ್ದೇನೆ. "ಸಿಗಲಿಲ್ಲ" ಎಂಬುದಕ್ಕೂ "ಇಲ್ಲ" ಎಂಬುದಕ್ಕೂ ಇರುವ ವ್ಯತ್ಯಾಸವೇ ನಮ್ಮ ವೃತ್ತಿಯ ಸಾರ.

ಆ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆ ಎಂಬುದನ್ನು 2001ರಲ್ಲಿ ಜಗತ್ತು ಕಂಡಿತು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಉಬ್ಬಸದ ಬಗೆಗೆ ಪ್ರಯೋಗವೊಂದು ನಡೆದಿತ್ತು. ಅದಕ್ಕಾಗಿ 24 ವರ್ಷದ ಆರೋಗ್ಯವಂತ ತರುಣಿಯೊಬ್ಬಳು ಸ್ವಯಂಸೇವಕಿಯಾಗಿ ಬಂದು ಹೆಕ್ಸಾಮೆಥೋನಿಯಮ್ ಎಂಬ ರಾಸಾಯನಿಕವನ್ನು ಉಸಿರಿನೊಡನೆ ಸೇವಿಸಿದಳು. ಅವಳ ಶ್ವಾಸಕೋಶಗಳು ಕೆಟ್ಟುವು. ಜೂನ್ ತಿಂಗಳ ಆರಂಭದಲ್ಲಿ ಅವಳು ತೀರಿಕೊಂಡಳು. ಪ್ರಯೋಗ ನಡೆಸಿದವರು ಹಿಂದಿನ ಸಾಹಿತ್ಯವನ್ನು ನೋಡದೆ ಇರಲಿಲ್ಲ. ಪಠ್ಯಗ್ರಂಥಗಳನ್ನೂ ಪಬ್‌ಮೆಡ್ ಸೂಚಿಯನ್ನೂ ನೋಡಿದ್ದರು. ಆದರೆ ಆಗಿನ ಪಬ್‌ಮೆಡ್ ಹಿಂದಕ್ಕೆ 1966ರವರೆಗೆ ಮಾತ್ರ ಹೋಗುತ್ತಿತ್ತು. 1950ರ ದಶಕದಲ್ಲಿ ಇದೇ ದ್ರವ್ಯವನ್ನು ರಕ್ತದೊತ್ತಡಕ್ಕೆ ಔಷಧವಾಗಿ ಕೊಡುತ್ತಿದ್ದಾಗ, ಕೆಲವು ರೋಗಿಗಳ ಶ್ವಾಸಕೋಶಕ್ಕೆ ಹಾನಿಯಾಗಿದ್ದುದನ್ನು ವೈದ್ಯರು ಬರೆದಿಟ್ಟಿದ್ದರು. ಆ ಬರಹಗಳು ಮುದ್ರಿತ ಸೂಚಿಯ ಹಳೆಯ ಸಂಪುಟಗಳಲ್ಲಿ, ಗ್ರಂಥಾಲಯದ ಕಪಾಟುಗಳಲ್ಲಿ ಇದ್ದವು. ಪರದೆಯ ಮೇಲೆ ಇರಲಿಲ್ಲ.

ಅವು ಕಣ್ಣಿಗೆ ಬಿದ್ದಿದ್ದರೆ ಆ ಜೀವ ಉಳಿಯುತ್ತಿತ್ತೇ? ಹಾಗೆಂದು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ಸಾವಿನ ತರುವಾಯ ಹುಡುಕಿದವರಿಗೆ ಅವು ಬೇಗನೆ ಸಿಕ್ಕಿದವು ಎಂಬುದು ಮನಸ್ಸನ್ನು ಕಲಕುವ ಸಂಗತಿ. ಅದೇ ಬೇಸಿಗೆಯಲ್ಲಿ ಅಲ್ಲಿಯ ಸರ್ಕಾರವು ಆ ಸಂಸ್ಥೆಯಲ್ಲಿ ತನ್ನ ಹಣದಿಂದ ನಡೆಯುತ್ತಿದ್ದ ಮಾನವ ಪ್ರಯೋಗಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಕೆಲವು ದಿನ ನಿಲ್ಲಿಸಿತ್ತು. ಇಂದು ಆ ಸೂಚಿ 1940ರ ದಶಕದವರೆಗೆ ಹಿಂದೆ ಹೋಗಿದೆ. ಅದಕ್ಕೂ ಹಿಂದಿನದನ್ನು ಬಯಸುವವರು ಮತ್ತೆ ಬಿಲ್ಲಿಂಗ್ಸನ ಸಂಪುಟಗಳ ಮುಂದೆಯೇ ಕೈಕಟ್ಟಿ ನಿಲ್ಲಬೇಕು. ಸೂಚಿ ಸುಳ್ಳು ಹೇಳಿರಲಿಲ್ಲ. ತನ್ನ ಎಲ್ಲೆಯೊಳಗಿನ ನಿಜವನ್ನು ಹೇಳಿತ್ತು. ಆ ಎಲ್ಲೆ ಎಲ್ಲಿದೆ ಎಂದು ಕೇಳುವವರು ಬೇಕಾಗಿತ್ತು, ಅಷ್ಟೆ.

ಇನ್ನೊಂದು ಬಗೆಯ ಪ್ರಶ್ನೆ ಇದೆ: ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು? ಇದಕ್ಕೆ ಒಂದು ಲೇಖನ ಸಾಲದು. ಒಂದು 'ಹೌದು' ಎಂದರೆ ಮತ್ತೊಂದು 'ಅಲ್ಲ' ಎನ್ನುತ್ತದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಒಂದು ಅಗ್ಗದ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗು ಬದುಕುವ ಸಂಭವ ಹೆಚ್ಚೆಂದು 1972ರಲ್ಲೇ ನ್ಯೂಜಿಲೆಂಡಿನ ಪ್ರಯೋಗವೊಂದು ತೋರಿಸಿತ್ತು. ಮತ್ತೆ ಕೆಲವು ಪ್ರಯೋಗಗಳು ನಡೆದವು. ಆದರೆ ಅವೆಲ್ಲವನ್ನೂ ಕ್ರಮವಾಗಿ ಕೂಡಿಸಿ ತೂಗಿ ನೋಡಿದ ವಿಮರ್ಶೆ 1989ರವರೆಗೆ ಪ್ರಕಟವಾಗಲಿಲ್ಲ. ಅದುವರೆಗೆ ಬಹುಮಂದಿ ವೈದ್ಯರು ಅದನ್ನು ಬಳಸಲೇ ಇಲ್ಲ. ನಡುವೆ ಎಷ್ಟೋ ಹಸುಳೆಗಳು ಹೋದವು. ಇಂಥ ತೂಗಿ ನೋಡುವ ಕೆಲಸಕ್ಕಾಗಿಯೇ, ಆರ್ಚಿ ಕಾಕ್ರೆನ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಹೆಸರಿನಲ್ಲಿ 1993ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದರ ವಿಮರ್ಶೆಗಳ ಸಂಗ್ರಹ ಇಂದು ಪರಾಮರ್ಶನದ ಮೇಜಿಗೆ ನಿಘಂಟಿನಷ್ಟೇ ಅಗತ್ಯ. ಅಲ್ಲಿಯೂ ವಿಮರ್ಶೆ ಎಂದಿನವರೆಗಿನ ಪ್ರಯೋಗಗಳನ್ನು ಗಣಿಸಿದೆ ಎಂಬ ದಿನಾಂಕವನ್ನು ಮೊದಲು ನೋಡಬೇಕು.

ಕೆಲವು ಪ್ರಶ್ನೆಗಳಿಗೆ ಪುಸ್ತಕವನ್ನೇ ತೆರೆಯಬಾರದು. ವಿಷ ಕುಡಿದವನು ಹೊರಳಾಡುತ್ತಿರುವಾಗ ಗ್ರಂಥಪಾಲಕ ಅನುಕ್ರಮಣಿಕೆ ತಿರುವುತ್ತ ಕೂರುವುದು ಸಲ್ಲ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ 1995ರಿಂದ ಹಗಲಿರುಳು ಇಂಥ ಪ್ರಶ್ನೆಗಳಿಗೆಂದೇ ವಿಷ ಮಾಹಿತಿ ಕೇಂದ್ರವಿದೆ. ಅಂಥ ಸ್ಥಳಗಳ ದೂರವಾಣಿ ಸಂಖ್ಯೆಯನ್ನು ಬರೆದ ರಟ್ಟಿನ ತುಂಡೂ ಒಂದು ಪರಾಮರ್ಶನ ಗ್ರಂಥವೇ ಸರಿ.

ಇಷ್ಟೆಲ್ಲ ಬಲ್ಲ ಗ್ರಂಥಪಾಲಕ ತಾನೇ ಅರ್ಧ ವೈದ್ಯನೆಂದು ಭ್ರಮಿಸುವ ಅಪಾಯವೂ ಉಂಟು. ನಮಗೂ ಒಂದು ಎಲ್ಲೆ ಇದೆ. "ಇದನ್ನು ಕೊಡಿ" ಎಂದು ನಾವು ಹೇಳುವಂತಿಲ್ಲ. "ಈ ಗ್ರಂಥದ ಈ ಆವೃತ್ತಿಯ ಈ ಪುಟದಲ್ಲಿ ಹೀಗಿದೆ" ಎಂದಷ್ಟೇ ಹೇಳಬೇಕು. ರೋಗಿಯ ಹೆಸರು ನಮ್ಮ ಪ್ರಶ್ನೆಗಳ ದಫ್ತರಿನಲ್ಲಿ ಬರಕೂಡದು. ಬೆಂಗಳೂರನ್ನು ತಮ್ಮ ಕೊನೆಯ ಕರ್ಮಭೂಮಿಯಾಗಿ ಮಾಡಿಕೊಂಡು, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆಯ ಕೇಂದ್ರವನ್ನು ತೆರೆದ ಎಸ್. ಆರ್. ರಂಗನಾಥನ್ ಅವರು ಓದುಗನ ಕಾಲವನ್ನು ಉಳಿಸುವುದನ್ನು ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದಾಗಿ 1931ರಲ್ಲೇ ಇಟ್ಟರು. ವೈದ್ಯನ ಕಾಲವನ್ನು ಉಳಿಸುವುದೆಂದರೆ ರೋಗಿಯ ಕಾಲವನ್ನು ಉಳಿಸಿದಂತೆ. ಆದರೆ ಅವಸರದ ತಪ್ಪು ಉತ್ತರ ಕಾಲವನ್ನು ಉಳಿಸುವುದಿಲ್ಲ ಎಂಬುದು ನನ್ನ 1984ರ ಪಾಠ.

ನನ್ನ ಮಾತು ಇಲ್ಲಿಗೆ ಬಂದಾಗ ಆ ತರುಣಿ ಮೆಲ್ಲನೆ, "ಸಾರ್, ಈಗ ಹೌಸ್ ಸರ್ಜನ್ನರು ನಮ್ಮನ್ನು ಕೇಳುವುದೇ ಕಡಿಮೆ. ಮೊಬೈಲಿನಲ್ಲಿ ಯಂತ್ರವನ್ನೇ ಕೇಳಿಬಿಡುತ್ತಾರೆ. ಮೊನ್ನೆ ಒಬ್ಬರು ಯಂತ್ರ ಕೊಟ್ಟ ಲೇಖನದ ಹೆಸರು ತಂದು, ತೆಗೆದುಕೊಡಿ ಎಂದರು. ಪತ್ರಿಕೆ ಇದೆ, ಸಂಪುಟ ಇದೆ, ಆ ಪುಟದಲ್ಲಿ ಬೇರೆಯೇ ಲೇಖನ ಇದೆ. ಅವರು ಹೇಳಿದ್ದು ಎಲ್ಲಿಯೂ ಇಲ್ಲ" ಎಂದಳು.

"ಇಲ್ಲವೆಂದು ಹೇಗೆ ತಿಳಿದೆ?" ಎಂದು ಕೇಳಿದೆ.

"ಸೂಚಿಯಲ್ಲಿ ಲೇಖಕರ ಹೆಸರಿನಲ್ಲಿ ನೋಡಿದೆ, ಶೀರ್ಷಿಕೆಯಲ್ಲಿ ನೋಡಿದೆ, ಪತ್ರಿಕೆಯ ಆ ವರ್ಷದ ಪರಿವಿಡಿ ಪೂರ್ತಿ ನೋಡಿದೆ. ಆಮೇಲೆ ಹೇಳಿದೆ."

ನನಗೆ ಸಂತೋಷವಾಯಿತು. ಮಾತನಾಡುವ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ದಪ್ಪ ಸಂಪುಟಗಳ ಕಾಲ ಹೋಯಿತೆಂದು ಅಳುವವನೂ ನಾನಲ್ಲ. ಆದರೆ ಒಳ್ಳೆಯ ಪರಾಮರ್ಶನ ಗ್ರಂಥ ತಾನು ಯಾವ ವರ್ಷದ್ದು, ಯಾರು ಹೇಳಿದ್ದು, ಎಲ್ಲಿಗೆ ನಿಲ್ಲುತ್ತೇನೆ ಎಂಬುದನ್ನು ಮುಖಪುಟದಲ್ಲೇ ಒಪ್ಪಿಕೊಳ್ಳುತ್ತದೆ. ಹಾಗೆ ಒಪ್ಪಿಕೊಳ್ಳದೆ ನಯವಾಗಿ ಮಾತಾಡುವುದನ್ನು, ಅದು ಮನುಷ್ಯನಿರಲಿ ಯಂತ್ರವಿರಲಿ, ಎರಡನೆಯ ಸಾಕ್ಷಿಯಿಲ್ಲದೆ ನಂಬುವಂತಿಲ್ಲ.

"ನೋಡಮ್ಮ, ನಿನಗೆ ಪಟ್ಟಿ ಬೇಕಾಗಿಯೇ ಇರಲಿಲ್ಲ" ಎಂದೆ. ಆದರೂ ಬರೆದುಕೊಟ್ಟೆ. ಮೊದಲ ಸಾಲಿನಲ್ಲಿ ಗ್ರಂಥದ ಹೆಸರು, ಎರಡನೆಯದರಲ್ಲಿ ಆವೃತ್ತಿ ಮತ್ತು ಇಸವಿ. ಅದರ ಪಕ್ಕದಲ್ಲಿ ಒಂದು ಗೆರೆ ಎಳೆದು, "ಇದರಲ್ಲಿ ಏನಿಲ್ಲ" ಎಂದು ತಲೆಬರಹ ಕೊಟ್ಟು ಉಳಿದದ್ದನ್ನು ಖಾಲಿ ಬಿಟ್ಟೆ. ಆ ಜಾಗವನ್ನು ತುಂಬಲು ನನಗೆ ಮೂವತ್ತಾರು ವರ್ಷ ಹಿಡಿಯಿತು, ಇನ್ನೂ ಪೂರ್ತಿಯಾಗಿಲ್ಲ. ಅವಳಿಗೂ ಅಷ್ಟು ಕಾಲ ಹಿಡಿದೀತು. ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಹನ್ನೊಂದು ಗಂಟೆಗೆ ಮೇಜಿನಲ್ಲಿರಬೇಕೆಂದು ಅವಳು ಬೇಗಬೇಗ ಹೊರಟಳು.